ಅತ್ತಿ ಕಣ್ಣಿಗಿ ಕಾವಲು ಕೂತ ಚಳಿಗಾಲ

ಮೊನ್ನೆ ಕಲಬುರಗ್ಯಾಗ ನನ್ನ ಕಣ್ಣಿನ ಪೊರಿ, ನಾವು ಮೋತಿಬಿಂದು ಅಂತೀವಿ, ಅದನ್ನ ತೆಗೆಸಿದ್ರು. ಮೊಮ್ಮಗಳು ಕೈ ಹಿಡ್ಕೊಂಡು ಬಾಗಿಲ ತನಕ ಬಂದ್ಲು, ಒಳಗ ಯಾರೋ ಏನೋ ಮಾಡಿದ್ರು, ಸಂಜಿಗಿ ನಾ ಎದ್ದು ಕೂತು ಚಹಾ ಕುಡದೆ. ಒಂದೇ ಕಣ್ಣಿಗಿ ಪಟ್ಟಿ. ಇನ್ನೊಂದು ಕಣ್ಣಿಲೆ ಎಲ್ಲಾ ನೋಡಾಕತ್ತಿದ್ದೆ: ಯಾರು ಬಂದ್ರು, ಯಾರು ಹೋದ್ರು, ಆ ಕಡಿ ಮಂಚದಾಕಿಗಿ ಮನಿಯಿಂದ ಏನು ಬುತ್ತಿ ಬಂತು. ನನಗ ಸಣ್ಣಾಕಿದ್ದಾಗಿಂದ ಇಣುಕಿ ನೋಡೋ ಚಟ. "ಈಕಿ ಸತ್ತ ದಿನಾನೂ ಎದ್ದು ಕೂತು ಯಾರ್ಯಾರು ಬಂದಾರ ಅಂತ ನೋಡ್ತಾಳ" ಅಂತ ನಮ್ಮವ್ವ ಬೈತಿದ್ಲು.

ಅಷ್ಟರಾಗ ಆಯಾ ಬಂದು ನೆಲ ಒರಸಾಕ ಹತ್ತಿದ್ಲು. ಶಹಾಬಾದಿ ಫರಸಿ ಮ್ಯಾಲೆ ಔಷಧದ ನೀರು ಬಿದ್ದ ಕೂಡ್ಲೇ ಒಂದು ಘಾಟು ವಾಸನಿ ಎದ್ದಿತು. ತಣ್ಣನ್ನ ಕಲ್ಲು, ಸಾಬಾಣ, ಅದರೊಳಗ ಸ್ವಲ್ಪ ಡಾಂಬರಿನಂಥದ್ದು. ಆ ವಾಸನಿ ಮೂಗಿಗಿ ಬಡದದ್ದೇ ತಡ, ಇಷ್ಟು ವರ್ಷ ಎಲ್ಲಿ ಮಲಗಿತ್ತೋ ಏನೋ, ನಿಜಾಮರ ಕಾಲದ ಒಂದು ಚಳಿಗಾಲ ಹಂಗ ಹಂಗೇ ಎದ್ದು ಬಂತು.

"ನಿಮ್ಮ ಅತ್ತಿದೂ ಇದೇ ಆಪರೇಶನ್ ಆಗಿತ್ತಂತಲ್ಲ ಅಮ್ಮಾ, ಆಗ ನಿನ್ನ ಒಳಗ ಬಿಡ್ತಿದ್ರೇನು?" ಅಂತ ಮೊಮ್ಮಗಳು ಕೇಳಿದ್ಲು. ಆಕಿನ್ನ ಇಡೀ ದಿನ ಹೊರಗ ಬೆಂಚಿನ ಮ್ಯಾಲೆ ಕೂಡಿಸಿದ್ರು, ಅದರ ಸಿಟ್ಟು ಆಕಿಗಿ.

ಬಿಡ್ತಿದ್ದಿಲ್ಲವ್ವ. ಬಿಡೋ ಹಂಗ ಆಗಿದ್ದು ಹೆಂಗ ಅಂತ ಹೇಳಬೇಕಾದ್ರ ಕಮಲಾಪುರದಿಂದ ಸುರು ಮಾಡಬೇಕು.

ನಮ್ಮ ಅತ್ತಿ ಹೆಸರು ಸಿದ್ದಮ್ಮ. ನಾ ಸೊಸಿ ಆಗಿ ಕಮಲಾಪುರಕ್ಕ ಬರೋದರೊಳಗ ಆಕಿ ಎಡಗಣ್ಣು ಹೋಗಿಬಿಟ್ಟಿತ್ತು. ಊರೂರು ತಿರುಗಿ ಸೂಜಿಲೆ ಮೋತಿಬಿಂದು ಸರಿಸೋ ಒಬ್ಬಾಂವ ಅಗಸಿ ಕಟ್ಟಿಮ್ಯಾಲೆ ಕೂಡಿಸಿ ಚುಚ್ಚಿದ್ನಂತ. ನಾಕು ದಿನ ಬೆಳಕು ಕಂಡಿತಂತ, ಆಮ್ಯಾಲೆ ಕಣ್ಣು ಕೀವು ತುಂಬಿ ಬತ್ತಿಹೋಯ್ತು. ಅಷ್ಟರಾಗ ಅಂವ ಯಾವ ಊರು ಸೇರಿದ್ನೋ, ದೇವರಿಗೇ ಗೊತ್ತು. ಉಳದ ಬಲಗಣ್ಣಿಗೂ ನಿಧಾನಕ್ಕ ಮಂಜು ಕವೀತು.

ಆದ್ರೂ ನಮ್ಮತ್ತಿ ಮನಿಯೆಲ್ಲಾ ಕಿವಿಲೇ ಆಳ್ತಿದ್ಲು. ನಾ ಅಡಗಿಮನ್ಯಾಗ ರೊಟ್ಟಿ ಬಡದ್ರ ಪಡಸಾಲ್ಯಾಗ ಕೂತು ಆ ಸಪ್ಪಳದ ಮ್ಯಾಲೇ ಹೇಳ್ತಿದ್ಲು: "ನೀಲಮ್ಮಾ, ರೊಟ್ಟಿ ದಪ್ಪ ಆಗಾಕತ್ತದ. ಯಾರಿಗಿ ಎಸೀಬೇಕಂತ ಮಾಡೀದಿ?" ಕೊಡ ತುಂಬಿಸ್ಕೊಂಡು ಬಂದ್ರ ನೀರು ತುಳುಕೋ ಸಪ್ಪಳಕ್ಕ ಕೊಡ ಎಷ್ಟು ತುಂಬ್ಯದ ಅಂತ ಹೇಳ್ತಿದ್ಲು. ನನಗ ಅಂಜಿಕಿ ಎಷ್ಟೋ ಅಷ್ಟೇ ಸೋಜಿಗ. ಕಣ್ಣು ಮುಚ್ಚಿ ನಾನೂ ಒಮ್ಮೆ ಆ ಆಟ ಆಡಾಕ ಹೋಗಿ ಹಿಟ್ಟಿನ ಗಡಗಿ ಒದ್ದು ಬೈಸ್ಕೊಂಡೆ.

ನಮ್ಮವರಾಗ ಕೊರಳಾಗಿನ ಲಿಂಗ ಎಡಗೈ ಮ್ಯಾಲೆ ಇಟ್ಕೊಂಡು, ಅದನ್ನೇ ದಿಟ್ಟಿಸಿ ನೋಡಿ ಪೂಜಿ ಮಾಡಿದ ಮ್ಯಾಲೇ ಬಾಯಿಗಿ ನೀರು. ದೀಪಾವಳಿ ಮುಗದು ಚಳಿ ಬಿದ್ದಿತ್ತು. ಒಂದು ಮುಂಜಾನಿ ಅತ್ತಿ ಅಂಗೈ ಕಣ್ಣಿನ ಹತ್ರ ತಂದ್ಲು, ದೂರ ಹಿಡದ್ಲು, ಬಾಗಿಲ ಬೆಳಕಿನ ಕಡಿ ತಿರುಗಿದ್ಲು. ಆಮ್ಯಾಲೆ "ನೀಲಮ್ಮಾ, ಲಿಂಗ ಕಾಣವಲ್ದು" ಅಂದ್ಲು. ಆಕಿ ದನಿ ನಡುಗಿದ್ದು ನಾ ಕೇಳಿದ್ದು ಅವತ್ತೇ ಮೊದಲು.

ಹೈದರಾಬಾದಿನಿಂದ ಬಂದ ಕಣ್ಣಿನ ಡಾಕ್ಟರ್ ಒಬ್ರು ನಿಜಾಮರು ಬಂದ್ರ ಇಳಿಯೋ ಐವಾನ್-ಎ-ಶಾಹಿ ಕಡಿ ಹೋಗೋ ರಸ್ತಾದಾಗ ಒಂದು ಹಳೇ ಬಂಗ್ಲೆ ಹಿಡದು ದವಾಖಾನಿ ಇಟ್ಟಾರಂತ ನಮ್ಮ ಮನಿಯವ್ರು ಕೇಳ್ಕೊಂಡು ಬಂದಿದ್ರು. ಹೇಳಾಕ ಧೈರ್ಯ ಇರಲಿಲ್ಲ. ಅವತ್ತು ಹೇಳಿದ್ರು. ಅತ್ತಿ ಕೇಳಿ ಅಂದ್ಲು: "ಇರೋದೊಂದು ಕಣ್ಣು. ಅದೂ ಹೋದ್ರ ಅಲ್ಲಿಗಿ ಮುಗೀತು. ಆದ್ರ ಲಿಂಗ ಕಾಣಲಾರದ ಕಣ್ಣು ಇಟ್ಕೊಂಡು ನಾ ಏನು ಮಾಡ್ಲಿ? ಬಂಡಿ ಕಟ್ಟು."

ಬಂಡಿ ಕಟ್ಟಿದ್ರು. ತಾಜಸುಲ್ತಾನಪುರದಾಗ ನನ್ನ ನಾದಿನಿ ಮನಿ ಇತ್ತು, ಅಲ್ಲಿ ವಸ್ತಿ ಮಾಡಿ ಮರುದಿನ ಮುಂಜಾನಿ ಶಹರಕ್ಕ ಹೋಗೋದು ಅಂತ. ದಾರಿ ತುಂಬ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ನಾ ಬಂಡ್ಯಾಗಿಂದ ಕತ್ತು ಹೊರಗ ಹಾಕಿ ಹಾಕಿ ನೋಡ್ತಿದ್ದೆ. ಕಮಲಾಪುರ ಬಿಟ್ಟು ಇತ್ತ ಕಡಿ ನಾ ಬಂದೇ ಇರಲಿಲ್ಲ. ನಿಜ ಹೇಳ್ಬೇಕಂದ್ರ ಅತ್ತಿ ಕಣ್ಣಿನ ಚಿಂತಿ ಅರ್ಧ, ಶಹರ ನೋಡೋ ಹುರುಪು ಅರ್ಧ.

ದವಾಖಾನಿ ಅಂದ್ರ ಎತ್ತರ ಛತ್ತಿನ ಎರಡು ಖೋಲಿ, ಒಂದು ಗಂಡಸರಿಗಿ, ಒಂದು ಹೆಂಗಸರಿಗಿ. ಸುತ್ತ ಅಂಗಳ, ಹಿಂದ ದೊಡ್ಡ ಬೇವಿನ ಗಿಡ. ಬೇನಿ ಇದ್ದವರು ಒಳಗ, ಮನಿಮಂದಿ ಅಂಗಳದಾಗ. ಇದು ಅಲ್ಲಿಯ ಕಾಯಿದೆ. ಕಾಯಿದೆ ಕಾಯೋರು ನರ್ಸ್ ಸುಗುಣಮ್ಮ. ಎತ್ತರ ಆಳು, ಗಟ್ಟಿ ಮೈಕಟ್ಟು, ಬಿಳೀ ಸೀರಿ, ಮಾತು ಒಣ ಕಟಿಗಿ ಮುರದಂಗ ಚಟ್ ಚಟ್ ಅಂತ. ನಾ ಹೊಸ್ತಿಲ ಮ್ಯಾಲೆ ಕಾಲಿಟ್ಟ ಕೂಡ್ಲೇ "ಹೊರಗ, ಹೊರಗ! ನಿಮ್ಮ ಸೀರ್ಯಾಗಿನ ಧೂಳು ಕಣ್ಣಾಗ ಬಿದ್ರ ನಾ ಏನು ಮಾಡ್ಲಿ?" ಅಂತ ಓಡಿಸಿದ್ರು. ಬೇವಿನ ಬುಡಕ್ಕ ಮೂರು ಕಲ್ಲು ಹೂಡಿ ನಾ ಒಲಿ ಮಾಡ್ಕೊಂಡೆ. ಹೆಂಗಸರ ಖೋಲಿ ಕಿಟಕಿ ಅಲ್ಲಿಂದ ಕಾಣ್ತಿತ್ತು. ನನ್ನ ಚಟಕ್ಕ ಅಷ್ಟೇ ಬೇಕಾಗಿತ್ತು.

ಡಾಕ್ಟರ್ ಸಾಹೇಬ್ರು ಶೇರವಾನಿ ಹಾಕ್ಕೊಂಡು, ಬೂಟು ಟಪಾ ಟಪಾ ಬಡ್ಕೋತ ಬರ್ತಿದ್ರು. ಮಾತು ಉರ್ದು, ಬಜಾರದ ಕನ್ನಡ ಬೆರಸಿದ್ದು. ದನಿ ಹೆಂಗಿತ್ತಂದ್ರ ಹೆಂಗಸರ ಖೋಲ್ಯಾಗ ಮಾತಾಡಿದ್ರ ರಸ್ತಾದಾಗಿನ ಟಾಂಗಾ ಕುದುರಿ ಕಿವಿ ನಿಗರಸ್ತಿತ್ತು. ಮೊದಲೇ ನಮ್ಮ ಮನಿಯವ್ರಿಗಿ ತಿಳಿಸಿ ಹೇಳಿದ್ರು: "ಕಣ್ಣು ಕೊಯ್ಯೋದು ನನ್ನ ಕೆಲಸ. ಗಾಯ ಕೂಡೋದು ನಿಮ್ಮವ್ವನ ಕೆಲಸ. ನಾ ಹೊಲಿಗಿ ಹಾಕಂಗಿಲ್ಲ, ಅದು ತಾನೇ ಕೂಡಬೇಕು. ಎರಡೂ ಕಣ್ಣಿಗಿ ಪಟ್ಟಿ, ಅಂಗಾತ ಮಲಗೋದು, ತಲಿ ಎರಡೂ ಕಡಿ ಉಸುಕಿನ ಚೀಲ. ಕೆಮ್ಮಂಗಿಲ್ಲ, ಅಗಿಯಂಗಿಲ್ಲ, ಕುತ್ತಿಗಿ ಎತ್ತಂಗಿಲ್ಲ. ಎತ್ತಿದ್ರ ಕಣ್ಣು ಹೋಯ್ತಂತ ತಿಳ್ಕೋರಿ."

ಕೊಯ್ದದ್ದು ಚಲೋ ಆಯ್ತು. ಔಷಧದ ಹನಿ ಹಾಕಿ ಕಣ್ಣು ಜೋಮು ಹಿಡಿಸಿದ್ರಂತ, ಅತ್ತಿ ಹುಂ ಹಾಂ ಅನಲಿಲ್ಲಂತ. ಕಂಪೌಂಡರ್ ಒಂದು ಸಣ್ಣ ಬಟ್ಟಲಾಗ ಅದನ್ನ ಹೊರಗ ತಂದು ತೋರಿಸಿದ. ನೆನೆಸಿಟ್ಟ ತೊಗರಿಬ್ಯಾಳಿಯಷ್ಟು, ಹಳದಿ, ಜೀವ ಇಲ್ಲದ್ದು. ನಾ ಸೆರಗಿನೊಳಗಿಂದ ಬಗ್ಗಿ ಬಗ್ಗಿ ನೋಡಿದೆ. ಇಷ್ಟೇ ಇಷ್ಟು ವಸ್ತು ಕಣ್ಣಾಗ ಕೂತು ಅಷ್ಟು ದೊಡ್ಡ ಮನಿ, ಹೊಲ, ಮಂದಿ ಎಲ್ಲಾ ಮುಚ್ಚಿಟ್ಟಿತ್ತೇನು ಅಂತ ನನಗ ನಂಬಕೀನೇ ಆಗಲಿಲ್ಲ.

ಮರುದಿನ ಮುಂಜಾನಿ ನಾ ಕಿಟಕಿ ಸರಳು ಹಿಡ್ಕೊಂಡು ನಿಂತಿದ್ದೆ. ಒಳಗ ಎರಡು ಮಂಚ ತುಂಬಿದ್ದವು. ಒಂದರಾಗ ಅತ್ತಿ, ಬಾಜೂಕಿಂದರಾಗ ಜೈನಬಿ ಖಾಲಾ ಅಂತ ಶಹರದ ಮುದುಕಿ, ಆಕಿದೂ ಮೋತಿಬಿಂದೇ. ಬೂಟು ಬಂತು. "ಸಿದ್ದಮ್ಮಾ! ಹಿಲ್ನಾ ನಕೋ! ಅಲುಗಾಡಬ್ಯಾಡ!" ಅಂತ ಸಾಹೇಬ್ರು ಬಾಗಲದಾಗಿಂದಲೇ ಗುಡುಗಿದ್ರು. ಅತ್ತಿ ತಲಿದಿಂಬಿನಿಂದ ತಲಿ, ಹೆಗಲು, ಎರಡೂ ಎತ್ತಿದ್ಲು. ಕೈ ತಲಿ ಕಡಿ ಹೋಯ್ತು. ಸುಗುಣಮ್ಮ ಚೀರಿ ಹಾರಿ ಬಂದು ಒತ್ತಿ ಮಲಗಿಸಿದ್ರು.

ಪಟ್ಟಿ ಬಿಚ್ಚಿ ನೋಡಿದಾಗ ಕಣ್ಣಾಗ ರಕ್ತ ಇಳದಿತ್ತು. "ಕರಗ್ತದ, ಕರಗಬಹುದು. ಆದ್ರ ಇನ್ನೊಮ್ಮೆ ಎದ್ಲಂದ್ರ ನನ್ನ ಕೈಯಾಗ ಏನೂ ಇಲ್ಲ" ಅಂದ್ರು ಸಾಹೇಬ್ರು. ಅವರ ಮಾರಿ ಸಪ್ಪಗಾಗಿತ್ತು. ಸುಗುಣಮ್ಮ ಬಟ್ಟಿ ಪಟ್ಟಿ ಹರದು ಅತ್ತಿ ಎರಡೂ ಕೈ ಮಂಚಕ್ಕ ಕಟ್ಟಿದ್ರು. ಸಿಟ್ಟಿಲೆ ಅಲ್ಲ, ಅಂಜಿ ಕಟ್ಟಿದ್ರು, ಅದು ನನಗ ಕಾಣ್ತಿತ್ತು. ಆದ್ರ ಕಮಲಾಪುರದಾಗ ಮನಿಯೆಲ್ಲಾ ಆಳೋ ಹೆಣ್ಮಗಳನ್ನ ಹಂಗ ಕಟ್ಟಿದ್ದು ನೋಡಿ ನಾ ಕಿಟಕಿ ಸರಳು ಇನ್ನೂ ಗಟ್ಟಿ ಹಿಡ್ಕೊಂಡೆ.

ಹಾಲು ಕೊಟ್ರ ಅತ್ತಿ ಬಾಯಿ ಬಿಗಿ ಹಿಡದ್ಲು. ಪೂಜಿ ಆಗಿರಲಿಲ್ಲ, ಕೈ ಕಟ್ಟ್ಯಾರ, ಬಾಯಿಗಿ ಹೆಂಗ ಹಾಕ್ಕೋತಾಳ? ಮಧ್ಯಾಹ್ನ ಮತ್ತ ಬೂಟು ಬಂತು, ಮತ್ತ ಕುತ್ತಿಗಿ ಎತ್ತಾಕ ಹೋದ್ಲು. ಈ ಸಲ ಸುಗುಣಮ್ಮ ಮೊದಲೇ ಎರಡೂ ಕೈಲೆ ತಲಿ ಹಿಡದಿದ್ರು, ಅದಕ್ಕ ಉಳೀತು.

ಸಾಹೇಬ್ರು ಸೀದಾ ಅಂಗಳಕ್ಕ ಬಂದ್ರು, ಸುಗುಣಮ್ಮ ಹಿಂದ. ಬೇವಿನ ಬುಡದಾಗ ನಮ್ಮ ಮನಿಯವ್ರು ಕೂತಿದ್ರು, ನಾ ಅತ್ತಿಗಂತ ಜೋಳದ ಅಂಬಲಿ ಕಾಸಾಕತ್ತಿದ್ದೆ. "ನಿಮ್ಮವ್ವಗ ತಲಿ ಸರಿ ಅದ ಇಲ್ಲ?" ಅಂತ ಕೇಳಿದ್ರು. "ಮಲಗು ಅಂದ್ರ ಏಳ್ತಾಳ. ಕಣ್ಣು ಕಳ್ಕೋಬೇಕಂತ ಹಠ ಏನು?"

"ನಮ್ಮವ್ವ ಭಾಳ ಶಾಣ್ಯಾಕಿ ರೀ ಸಾಹೇಬ್ರ" ಅಂತ ಮನಿಯವ್ರು ಕೈ ಜೋಡಿಸಿ ನಿಂತ್ರು.

ಅಷ್ಟರಾಗ ಅಂಬಲಿ ಉಕ್ಕಿ ಬೆಂಕ್ಯಾಗ ಸುರಿಯಾಕ ಹತ್ತಿತು. ಸಾಹೇಬ್ರು ಗಡಗಿ ನೋಡಿದ್ರು, ಆಮ್ಯಾಲೆ ನನ್ನ ನೋಡಿದ್ರು. ನಾ ಸೌಟು ಕೈಯಾಗ ಹಿಡ್ಕೊಂಡು, ಸೆರಗು ಮೂಗಿನ ತನಕ ಎಳ್ಕೊಂಡು, ಗಿಡದ ಹಿಂದ ಕಂಬದಂಗ ನಿಂತಿದ್ದೆ.

"ಅಂಬಲಿ ಉಕ್ಕಾಕತ್ತದ, ಈಕಿ ಯಾಕ ಎದ್ದು ನಿಂತ್ಲು?" ಅಂತ ಕೇಳಿದ್ರು.

"ನೀವು ಬಂದ್ರೆಲ್ಲ ರೀ" ಅಂದ್ರು ಮನಿಯವ್ರು. ಇದೇನು ಕೇಳೋ ಮಾತು ಅನ್ನೋ ಹಂಗ.

"ನಾ ಬಂದ್ರ ಏಳಬೇಕಾ?"

"ದೊಡ್ಡ ಗಂಡಸರು ಯಾರು ಬಂದ್ರೂ ಏಳ್ತಾರ ರೀ ನಮ್ಮ ಹೆಣ್ಮಕ್ಕಳು. ಎದ್ದು ಸೆರಗು ತಲಿಮ್ಯಾಲೆ ಎಳ್ಕೋತಾರ. ರೂಢಿ ರೀ."

ಮಾತು ಮುಗದ ಮ್ಯಾಲೆ ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ನನ್ನ ತಲ್ಯಾಗೂ ಆಗಲೇ ದೀಪ ಹತ್ತಿದ್ದು. ಕಿಟಕ್ಯಾಗಿಂದ ಎರಡು ಸಲ ನೋಡಿದ್ದೆ, ಕಂಡಿತ್ತು, ಆದ್ರ ತಿಳದಿರಲಿಲ್ಲ. ಪರಗಂಡಸರ ಕೂಡ ಮಾತಾಡೋ ಹಂಗಿಲ್ಲ, ಆದ್ರ ತಡಿಯಾಕೂ ಆಗವಲ್ದು. ಸುಗುಣಮ್ಮನ ಕಡಿ ತಿರುಗಿ ಅಂದೆ: "ನರ್ಸಮ್ಮಾ, ನೀವು ಎಷ್ಟು ಓಡಾಡಿದ್ರೂ ಅತ್ತಿ ಏಳಂಗಿಲ್ಲ. ಬೂಟು ಬಂದ್ರಷ್ಟೇ ಏಳ್ತಾರ. ಬೇಕೂಂತ ಏಳಂಗಿಲ್ರಿ, ಮೈ ತಾನೇ ಏಳ್ತದ."

ಸಾಹೇಬ್ರು ತಮ್ಮ ಬೂಟು ನೋಡ್ಕೊಂಡ್ರು. "ಯಾ ಅಲ್ಲಾ! ಏಳಬ್ಯಾಡ ಅಂತ ಹೇಳಾಕ ಹೋಗಿ ನಾನೇ ಎಬ್ಬಸಾಕತ್ತೀನಲ್ಲ!" ಅಂದ್ರು. ನಗಬೇಕೋ ಅಳಬೇಕೋ ತಿಳೀಲಾರದಂಥ ಮಾರಿ ಮಾಡಿದ್ರು. ಆಮ್ಯಾಲೆ ಒಂದರ ಮ್ಯಾಲೆ ಒಂದು ಪ್ರಶ್ನಿ: ಹೆಂಗಸರು ಬಂದ್ರ ಏಳ್ತಾರೇನು? ಸಣ್ಣ ಹುಡುಗರು ಬಂದ್ರ? ಸೆರಗು ಮೊದಲೇ ತಲಿಮ್ಯಾಲಿದ್ರ? ಆ ಮನುಷ್ಯಾನೂ ನನ್ನಂಗೇ, ಎಲ್ಲಾ ಕೆದರಿ ನೋಡೋ ಚಟದಾಂವ ಅಂತ ಅವತ್ತು ಗೊತ್ತಾಯ್ತು. ಅವರು ಸುಗುಣಮ್ಮಗ ಕೇಳೋದು, ನಾ ಸುಗುಣಮ್ಮಗ ಉತ್ತರ ಹೇಳೋದು. ನಡುವ ಸಿಕ್ಕ ಸುಗುಣಮ್ಮ ಇತ್ತ ಅತ್ತ ಕತ್ತು ತಿರುಗಿಸಿ ತಿರುಗಿಸಿ ಸಾಕಾಗಿ, "ಈಕಿನ್ನ ಒಳಗೇ ತಗೊಳ್ರಿ ಸಾಹೇಬ್ರ. ಆದ್ರ ನಾ ಹೇಳಿದಂಗ ಕೇಳಬೇಕು" ಅಂದ್ರು.

ಹೇಳಿದಂಗ ಕೇಳಿದೆ. ಜಳಕ ಮಾಡಿಸಿದ್ರು, ಕುದಿಸಿ ಒಣಗಿಸಿದ ಸೀರಿ ಉಡಿಸಿದ್ರು, ಘಾಟು ವಾಸನಿ ಸಾಬಾಣದಿಂದ ಮೊಣಕೈ ತನಕ ತಿಕ್ಕಿಸಿದ್ರು, ಉಗುರು ತೆಗೆಸಿದ್ರು. ಏನಿದು ಸೊಕ್ಕು ಅಂತ ನನಗ ಮೊದಲು ಅನಿಸಿತ್ತು. "ಕಮಲಾಪುರದಾಗ ಕಣ್ಣು ಹೋಗಿದ್ದು ಸೂಜಿಯಿಂದ ಅಲ್ಲ, ಸೂಜಿ ಹಿಡದ ಕೈಯಿಂದ" ಅಂತ ಸುಗುಣಮ್ಮ ತಿಳಿಸಿ ಹೇಳಿದಾಗ ಇನ್ನೊಮ್ಮೆ ನಾನೇ ತಿಕ್ಕಿ ತೊಳ್ಕೊಂಡೆ.

ಒಳಗ ಹೋಗಿ ಮಂಚದ ಹತ್ರ ನಿಂತೆ. ಅತ್ತಿ ಸೆರಗು ತಲಿಮ್ಯಾಲೆ ತಂದು, ಎರಡೂ ಅಂಚು ಹೆಗಲ ಕೆಳಗ ಸಿಗಿಸಿದೆ. "ಅತ್ತಿ, ನಾ ನೀಲಮ್ಮ. ಸೆರಗು ಹೊದಿಸೀನಿ ರೀ. ಇನ್ನ ಯಾರು ಬಂದ್ರೂ ನಿಮ್ಮ ಪಾಲಿಂದು ನಾ ಎದ್ದು ನಿಲ್ತೀನಿ, ನೀವು ಏಳಬ್ಯಾಡ್ರಿ."

ಅತ್ತಿ ಕೇಳಿದ್ಲು: "ನೀ ಎದ್ರ ನಾ ಎದ್ದಂಗ ಆಯ್ತೇನು?"

"ಆಯ್ತು ರೀ. ಒಂದೇ ಮನೀದವರಲ್ಲೇನು?"

"ಹಂಗಾದ್ರ ಖರೆ ಏಳಬೇಕು. ನನಗ ಕಾಣಂಗಿಲ್ಲಂತ ಕೂತಲ್ಲೇ ಕೂತು ಸೋಗು ಮಾಡಬಾರ್ದು."

ಸುಗುಣಮ್ಮ ಕೈ ಬಿಚ್ಚಿದ್ರು. ಸಾಹೇಬ್ರು ಹೊಸ್ತಿಲ ಹೊರಗ ಬೂಟು ಕಳದು, ಅವರಿಗಾದಷ್ಟು ಸಣ್ಣ ದನಿಲೆ "ಬರ್ಲೇನು?" ಅಂತ ಕನ್ನಡದಾಗ ಕೇಳಿದ್ರು. ನಾ ಜೋರಾಗಿ ಎದ್ದೆ, ಕಾಲುಂಗುರ ಫರಸಿಗಿ ಬಡಿಯೋ ಹಂಗ. ಅತ್ತಿ ಹೆಗಲು ಒಮ್ಮೆ ಬಿಗೀತು. ನಿಧಾನಕ್ಕ ಹೆಗಲು ಸಡಿಲಾಯ್ತು, ತಲಿ ದಿಂಬಿನ ಮ್ಯಾಲೇ ಉಳೀತು. ಖುಷಿಗಿ ನನಗ ಕುಣೀಬೇಕು ಅನ್ನಿಸ್ತು, ಆದ್ರ ಸುಗುಣಮ್ಮನ ಅಂಜಿಕಿ.

ಇನ್ನ ಊಟದ ಮಾತು. ಪೂಜಿ ಇಲ್ಲದ ಉಣ್ಣಂಗಿಲ್ಲ, ಪಟ್ಟಿ ಕಟ್ಟಿದ ಕಣ್ಣಿಲೆ ಪೂಜಿ ಹೆಂಗ? "ನೋಡಲಾರದ ಪೂಜಿ ಎಂಥಾ ಪೂಜಿ?" ಅಂತ ಅತ್ತಿ ಹಠ ಹಿಡದ್ಲು. ಆಗ ಬಾಜೂ ಮಂಚದಿಂದ ಜೈನಬಿ ಖಾಲಾ ಬಾಯಿ ತೆಗದ್ಲು. "ಅರೇ ಸಿದ್ದಮ್ಮಾ, ನನ್ನ ನಮಾಜಿಗಿ ಬಗ್ಗಬೇಕು, ಹಣಿ ನೆಲಕ್ಕ ಹಚ್ಚಬೇಕು. ಡಾಕ್ಟರ್ ನಕೋ ಬೋಲ್ಯಾ, ಬ್ಯಾಡ ಅಂದಾನ. ನಾ ಬೆರಳು ಬಗ್ಗಿಸ್ತೀನಿ, ಬಸ್. ಮ್ಯಾಲಿನಾಂವಗ ಗೊತ್ತಿಲ್ಲೇನು ಈ ಮುದುಕಿ ಯಾಕ ಬಿದ್ಕೊಂಡಾಳಂತ?"

"ನಿಮ್ಮದು ನಿಮಗ ನಡೀತದ" ಅಂದ್ಲು ಅತ್ತಿ. ಆದ್ರ ಮಾತು ನಾಟಿತ್ತು. ಸ್ವಲ್ಪ ಹೊತ್ತಿನ ಮ್ಯಾಲೆ ತಾನೇ ಲಿಂಗದ ವಸ್ತ್ರ ಬಿಚ್ಚಿ, ಎದಿಮ್ಯಾಲೆ ಅಂಗೈ ಚಾಚಿ, ಬೆರಳಿಲೆ ಮುಟ್ಟಿ ಮುಟ್ಟಿ ಪೂಜಿ ಮಾಡಿದ್ಲು. ನಾ ವಿಭೂತಿ ತಗೊಂಡು ಹಣಿಗಿ ಹಚ್ಚಾಕ ಕೈ ಒಯ್ದೆ. ಸುಗುಣಮ್ಮ ಗಪ್ಪನ ನನ್ನ ಕೈ ಹಿಡದ್ರು. ಪಟ್ಟಿ ಮ್ಯಾಲೇ ಬೂದಿ ಉದುರಿಸಾಕ ಹೊಂಟಿದ್ನೆಲ್ಲ ನಾನು! ಕಮಲಾಪುರದ ಯಾವ ಸೊಸಿ ಇದ್ರೂ ಅದನ್ನೇ ಮಾಡ್ತಿದ್ಲು. ವಿಭೂತಿ ನೀರಾಗ ಕಲಸಿ ತೋಳಿಗಷ್ಟೇ ಹಚ್ಚೋದಂತ ಆಯ್ತು. ಆಮ್ಯಾಲೆ ಅಂಬಲಿ ಚಮಚದಿಂದ ಕುಡಿಸಿದೆ. "ಉಪ್ಪು ಕಮ್ಮಿ" ಅಂದ್ಲು. ಆಕಿ ಬೈದದ್ದು ಕೇಳಿ ಅಷ್ಟು ಸಮಾಧಾನ ನನಗ ಹಿಂದ ಎಂದೂ ಆಗಿರಲಿಲ್ಲ.

ದಿನಾ ಹಂಗೇ ಸರಳ ನಡೀತಂತ ತಿಳೀಬ್ಯಾಡ. ಒಂದು ಮಧ್ಯಾಹ್ನ ಮಲಗಿ ಎದ್ದಾಕಿ ಕೈಲೆ ಹಾಸಗಿ ತಡಕಾಡ್ಕೋತ "ನೀಲಮ್ಮಾ, ನಿಮ್ಮ ಮಾವನವ್ರು ಹೊಲದಿಂದ ಬರೋ ಹೊತ್ತಾಯ್ತು, ಕಾಲಿಗಿ ನೀರು ಇಟ್ಟೀಯೇನು?" ಅಂದ್ಲು. ನಮ್ಮ ಮಾವ ತೀರ್ಕೊಂಡು ಯಾವ ಕಾಲ ಆಗಿತ್ತು. ಆಕಿಗಿ ಸಮಾಧಾನ ಆಗ್ಲಂತ "ಹೌದ್ರಿ, ಬಂದಾರ, ನೀರು ಇಟ್ಟೀನಿ" ಅಂದೆ. ಬಂದಾರ ಅಂದದ್ದೇ ತಪ್ಪಾಯ್ತು. ಗಂಡ ಬಂದ ಮ್ಯಾಲೆ ಹೆಂಡತಿ ಮಲಗಿರ್ತಾಳೇನು? ಏಳಾಕ ಹೊಂಟ್ಲು. ಎರಡೂ ಹೆಗಲು ಒತ್ತಿ ಹಿಡದು "ಸುಗುಣಮ್ಮಾ!" ಅಂತ ಒದರಿದೆ.

ಸಾಹೇಬ್ರು ಬಂದು ಎಲ್ಲಾ ಕೇಳಿದ್ರು. ಬೈಯಲಿಲ್ಲ. ನನ್ನ ಕಡಿ ಬೆನ್ನು ತಿರುಗಿಸಿ, ಸುಗುಣಮ್ಮಗ ಹೇಳೋ ಹಂಗ ನನಗ ಹೇಳಿದ್ರು: "ಕಣ್ಣು ಕಟ್ಟಿದ್ರ ದಿನಾ ರಾತ್ರಿ ಎರಡೂ ಒಂದೇ ಆಗ್ತಾವ. ಮುದಿ ತಲಿ ದಾರಿ ತಪ್ಪತದ. ಅದಕ್ಕ ಸುಳ್ಳು ಹೇಳಬಾರ್ದು, ಗದರಸೋದೂ ಬ್ಯಾಡ. ಆಕಿ ಎಲ್ಲಿ ಅದಾಳ, ಹೊತ್ತೆಷ್ಟು, ಸುತ್ತ ಏನು ನಡದದ, ಅದನ್ನ ಹೇಳ್ತಾ ಇರ್ಲಿ. ನಾವು ಹೇಳಿದ್ರ ಆಕಿ ನಂಬಂಗಿಲ್ಲ. ಈಕಿ ದನಿ ಆಕಿಗಿ ಗುರ್ತದ."

ನೋಡಿದ್ದು ಹೇಳೋದು! ನನಗ ಇದಕ್ಕಿಂತ ಬೇರೆ ಏನು ಬೇಕಾಗಿತ್ತು? ಅವತ್ತಿನಿಂದ ನನ್ನ ಬಾಯಿ ನಿಲ್ಲಲಿಲ್ಲ. "ಅತ್ತಿ, ಈಗ ಬಿಸಲು ಕಿಟಕಿ ಅರ್ಧಕ್ಕ ಬಂದದ. ಆ ಸಪ್ಪಳ ಟಾಂಗಾದ್ದು, ಸವಾರಿ ಯಾವುದೋ ದಪ್ಪ ಸೇಠ, ಗಾಲಿ ಒಂದೇ ಕಡಿ ವಾಲ್ಯದ. ಆ ಕಡಿಯಿಂದ ಬರಾಕತ್ತಿದ್ದು ಮಸೂತಿ ಬಾಂಗು, ಅಂದ್ರ ಮಧ್ಯಾಹ್ನ ದಾಟ್ತು. ಶರಣಬಸಪ್ಪನ ಗುಡಿಗಿ ಹೊಂಟ ಮಂದಿ ರಸ್ತಾದಾಗ ಅದಾರ, ಒಬ್ಬಾಕಿ ಹಸರು ಇಳಕಲ್ಲ ಸೀರಿ ಉಟ್ಟಾಳ, ಅಂಚು ಭಾಳ ಚಲೋ ಅದ." ಅತ್ತಿ ಎಲ್ಲಾ ಕೇಳಿ, "ಅಂಚು ಎಷ್ಟು ಬೆರಳು ಅಗಲ?" ಅಂತಿದ್ಲು. ಜೈನಬಿ ಖಾಲಾ ಆ ಕಡಿಯಿಂದ "ಆ ಸೇಠ ಯಾರು, ಟೋಪಿ ಯಾವ ಬಣ್ಣದ್ದು?" ಅಂತಿದ್ಲು. ಇಬ್ಬರು ಮುದುಕೇರಿಗಿ ಶಹರ ತೋರಿಸ್ಕೋತ ಶಹರ ಎಲ್ಲಾ ನಾ ಆ ಕಿಟಕ್ಯಾಗೇ ನೋಡಿ ಮುಗಿಸಿದೆ. ತಲಿ ದಾರಿ ತಪ್ಪೋದು ನಿಂತಿತು. ಕಣ್ಣಾಗಿನ ರಕ್ತ ಕರಗಾಕತ್ತದಂತ ಸಾಹೇಬ್ರು ಹೇಳಿದ್ರು, ಆದ್ರ ಬೆಳಕು ಕಾಣ್ತದೋ ಇಲ್ಲೋ ಪಟ್ಟಿ ಪೂರಾ ತೆಗದ ದಿನಾನೇ ಗೊತ್ತಾಗೋದು ಅಂದ್ರು.

ಪಟ್ಟಿ ತೆಗಿಯೋ ಹಿಂದಿನ ದಿನ ಖಾಲಾ ಕೇಳಿದ್ಲು: "ಸಿದ್ದಮ್ಮಾ, ನಿನ್ನ ಸೊಸಿ ನೋಡಾಕ ಹೆಂಗದಾಳ?"

"ಯಾರಿಗಿ ಗೊತ್ತು ಬಿಡವ್ವ" ಅಂದ್ಲು ಅತ್ತಿ. "ಆಕಿ ನಮ್ಮ ಹೊಸ್ತಿಲ ತುಳಿಯೋದರೊಳಗ ನನಗ ಮಂದಿಯೆಲ್ಲಾ ಬರೇ ನೆರಳಾಗಿದ್ರು. ನಮ್ಮ ಮೈದುನ ನೋಡಿ ತಂದಾನ. ಕೆಲಸಾ ಮಾಡೋದು ನೋಡಿದ್ರ ಗಟ್ಟಿ ಹೆಂಗಸು ಇರಬೇಕು. ನನಗಿಂತ ಒಂದು ಕೈ ಎತ್ತರ, ಅಗಲ ಹೆಗಲು."

ನಾ ಅಲ್ಲೇ ಕೂತಿದ್ದೆ. ನಾಳಿಗಿ ಈಕಿಗಿ ಕಣ್ಣು ಬರ್ಲಿ, ನನ್ನ ಮಾರಿ ನೋಡಿ ಏನು ಬೇಕಾದ್ರೂ ಅನ್ಲಿ ಅಂತ ಮನಸ್ಸಿನ್ಯಾಗ ಶರಣಬಸಪ್ಪಗ ಬೇಡ್ಕೊಂಡೆ.

ಮರುದಿನ ಸಾಹೇಬ್ರು ಕಿಟಕಿ ಅರ್ಧ ಮುಚ್ಚಿಸಿದ್ರು. ಅತ್ತಿನ್ನ ದಿಂಬಿಗಿ ಆನಿಸಿ ಕೂಡಿಸಿದ್ರು. ಮನಿಯವ್ರು ಬಾಗಲದಾಗ ಉಗುರು ಕಡ್ಕೋತ ನಿಂತಿದ್ರು. ಪಟ್ಟಿ ಸುರುಳಿ ಬಿಚ್ಕೋತ ಬಂತು, ಕಡೀಗಿ ಹತ್ತಿ ಅರಳಿ ತೆಗದ್ರು, ಕಣ್ಣು ಒರೆಸಿದ್ರು. ಅತ್ತಿ ರೆಪ್ಪಿ ನಡುಗಿದವು, ತೆರದವು, ಮುಚ್ಚಿದವು, ಮತ್ತ ತೆರದವು. ಸಾಹೇಬ್ರು ಆಕಿಗಿ ಒಂದು ದಪ್ಪ ಗಾಜಿನ ಚಷ್ಮಾ ಹಾಕಿ, ಕೈ ಮುಂದ ಹಿಡದ್ರು. "ಎಷ್ಟು ಬೆರಳು?"

ಅತ್ತಿ ಕಣ್ಣು ಕಿರಿದು ಮಾಡಿ ಆ ಕೈ ನೋಡಿದ್ಲು.

"ಎರಡು" ಅಂದ್ಲು ಅತ್ತಿ. "ಒಂದರಾಗ ಉಂಗುರ ಅದ."

ಸುಗುಣಮ್ಮ "ಅಮ್ಮಯ್ಯಾ" ಅಂತ ಉಸಿರು ಬಿಟ್ರು. ಅತ್ತಿ ಯಾರ ಕಡೀನೂ ನೋಡಲಿಲ್ಲ. ಕೊರಳಾಗಿನ ವಸ್ತ್ರ ಬಿಚ್ಚಿ ಲಿಂಗ ಅಂಗೈ ಮ್ಯಾಲೆ ಇಟ್ಕೊಂಡ್ಲು, ಮೂಗಿನ ಹತ್ರ ತಂದ್ಲು. ತುಟಿ ಅಲುಗಾಡ್ತಿದ್ದವು. ಅದನ್ನ ಎದಿಗಿ ಒತ್ತಿಕೊಂಡು, ಮತ್ತ ವಸ್ತ್ರದಾಗ ಕಟ್ಟಿ, ಆಮ್ಯಾಲೆ "ನೀಲಮ್ಮ ಎಲ್ಲಿ?" ಅಂದ್ಲು.

"ಇಲ್ಲೇ ಅದೀನಿ ರೀ" ಅಂದೆ. ಆಕಿ ನೋಡಿದ್ದು ಸುಗುಣಮ್ಮನ ಕಡಿ. ಎತ್ತರ ಆಳು, ಅಗಲ ಹೆಗಲು. ಸುಗುಣಮ್ಮ ನಕ್ಕೋತ ನನ್ನ ಹೆಗಲು ಹಿಡದು ಮುಂದ ತಳ್ಳಿದ್ರು.

ಅತ್ತಿ ಕಣ್ಣು ಕೆಳಗ ಇಳೀತು. ಕೈ ಚಾಚಿ ನನ್ನ ಸೆರಗು ತಾನೇ ಹಿಂದ ಸರಿಸಿದ್ಲು, ಅಷ್ಟು ಗಂಡಸರ ಮುಂದ. ಗದ್ದ ಹಿಡದು ಮಾರಿ ಹತ್ರ ಎಳ್ಕೊಂಡ್ಲು. ಆಕಿ ಉಸಿರು ನನಗ ತಾಗಾಕತ್ತಿತ್ತು.

"ಯವ್ವಾ" ಅಂದ್ಲು. "ಇದು ಇನ್ನೂ ಕೂಸು ಅದಲ್ಲ! ಇಷ್ಟು ಸಣ್ಣ ಕೂಸಿನ ಮ್ಯಾಲೆ ನಾ ಮುಂಜಾನಿಂದ ಸಂಜಿತನಕ ಒದರ್ತಿದ್ದೆನೇನು? ಕೊಡ ತುಂಬಿಲ್ಲ, ರೊಟ್ಟಿ ದಪ್ಪಾತು ಅಂತ? ಯಾರೂ ನನಗ ಹೇಳಲಿಲ್ಲಲ್ಲೋ!"

ನನಗ ತಡಿಯಾಕ ಆಗಲಿಲ್ಲ. ಅವ್ವನ ಮನಿ ಬಿಟ್ಟು ಬಂದಾಗಿಂದ ನನ್ನ ಯಾರೂ ಕೂಸು ಅಂದಿರಲಿಲ್ಲ. ಆಕಿ ಕೈಯಾಗ ಮಾರಿ ಇಟ್ಟು ಹೋ ಅಂತ ಅತ್ತುಬಿಟ್ಟೆ. ಸಾಹೇಬ್ರು ಗಾಬರಿ ಬಿದ್ದು ಮತ್ತ ಆ ಹಳೇ ದನಿಲೆ ಗುಡುಗಿದ್ರು: "ರೋನಾ ನಕೋ! ಅಳಬ್ಯಾಡ್ರಿ! ಹಸೀ ಕಣ್ಣದ, ನೀರು ಬಂದ್ರ ಕೆಡ್ತದ!"

ಅತ್ತಿ ಹೆಬ್ಬೆಟ್ಟಿಲೆ ನನ್ನ ಗಲ್ಲ ಒರೆಸ್ಕೋತ ಅಂದ್ಲು: "ನಾ ಅಳಂಗಿಲ್ರಿ ಸಾಹೇಬ್ರ. ಆಕಿ ಅಳ್ಲಿ ಬಿಡ್ರಿ. ಆಕಿ ಕಣ್ಣು ಚಲೋ ಅದಾವ."